ಪತ್ರೊಡೆಯೂ ಪತ್ತೇದಾರಿಕೆಯೂ

ದೇವರು ಕೆಲವರಿಗೆ ನೆನಪಿನಲ್ಲಿ ಉಳಿಯುವಂಥ ಮುಖ ಕೊಡುತ್ತಾನೆ. ನನಗೆ ಕೊಡಲಿಲ್ಲ. ನನ್ನದು ಒಮ್ಮೆ ನೋಡಿದರೆ ‘ಇವರನ್ನು ಎಲ್ಲೋ ನೋಡಿದ್ದೇನಲ್ಲ’ ಅನ್ನಿಸುವ, ಹತ್ತು ಸಲ ನೋಡಿದರೂ ಅಷ್ಟೇ ಅನ್ನಿಸುವ ಮುಖ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವಳೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದೂ ತಿಳಿದು ಇಬ್ಬರೂ ಉಪಚರಿಸುತ್ತಾರೆ. ಒಮ್ಮೆ ಡೊಂಬಿವಲಿಯ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಯೊಬ್ಬಳು ನನ್ನನ್ನೇ ಅಂಗಡಿಯವಳೆಂದುಕೊಂಡು ಇದರಲ್ಲಿ ಹಸಿರು ಬಣ್ಣ ತೋರಿಸಿ ಎಂದಳು. ಸುಮ್ಮನೆ ನಿಂತಿದ್ದೆನಲ್ಲ, ತೋರಿಸಿದೆ. ಅವಳು ಎರಡು ಸೀರೆ ಕೊಂಡುಹೋದಳು. ನಲವತ್ತು ವರ್ಷ ತುಂಬುವವರೆಗೂ ಇದೊಂದು ದೊಡ್ಡ ಕೊರತೆಯೆಂದು ನಾನು ಒಳಗೊಳಗೇ ಕೊರಗಿದ್ದುಂಟು. ಇಂಥ ಮುಖಕ್ಕೇ ಹುಡುಕಿಕೊಂಡು ಬಂದು ಸಂಬಳ ಕೊಡುವವರೂ ಈ ಲೋಕದಲ್ಲಿದ್ದಾರೆ ಎಂಬುದು ಆಮೇಲೆ ಗೊತ್ತಾಯಿತು. ನಾನು ಖಾಸಗಿ ಪತ್ತೇದಾರಳು. ಹೆಸರು ವಾರಿಜಾ. ಉಡುಪಿ ಕಡೆಯವಳು, ಮದುವೆಯಾಗಿ ಬಂದಂದಿನಿಂದ ಮರಾಠಿ ನಾಡಿನ ಡೊಂಬಿವಲಿಯವಳು.

ಈ ವೃತ್ತಿಗೆ ನಾನು ಬಂದದ್ದು ಅಪರಾಧಗಳ ಮೇಲಿನ ಆಸಕ್ತಿಯಿಂದೇನಲ್ಲ. ಠಾಣೆ ನಗರದ ಕೊರಿಯರ್ ಕಚೇರಿಯೊಂದರ ಕೌಂಟರಿನಲ್ಲಿ ಹದಿನಾರು ವರ್ಷ ಕೂತಿದ್ದೆ. ಆ ಕಚೇರಿ ಒಂದು ದಿನ ಮುಚ್ಚಿತು. ಮನೆಯಲ್ಲಿ ಕೂತು ಪೇಪರಿನ ಮೂಲೆ ಮೂಲೆ ಓದುತ್ತಿದ್ದಾಗ ಒಂದು ಸಣ್ಣ ಜಾಹೀರಾತು ಕಣ್ಣಿಗೆ ಬಿತ್ತು: ‘ಮಹಿಳಾ ಸಹಾಯಕಿ ಬೇಕು. ತಿರುಗಾಟದ ಕೆಲಸ. ಮಾತು ಬರಬೇಕು, ಮಾತಾಡಬಾರದು.’ ಮನೆಮನೆಗೆ ಹೋಗಿ ಮುಖದ ಕ್ರೀಮು ಮಾರುವ ಕೆಲಸವಿರಬೇಕೆಂದು ಊಹಿಸಿಕೊಂಡು, ಇದ್ದುದರಲ್ಲಿ ಚೆನ್ನಾದ ಸೀರೆ ಉಟ್ಟು, ಠಾಣೆ ಸ್ಟೇಷನ್ನಿನ ಹತ್ತಿರದ ಕಟ್ಟಡವೊಂದರ ಮೂರು ಮಾಳಿಗೆ ಹತ್ತಿದೆ. ಅಲ್ಲಿದ್ದವರು ಸಾವಂತ್ ಸಾಹೇಬರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಮೀಸೆ ಮಾತ್ರ ಇನ್ನೂ ಸೇವೆಯಲ್ಲಿತ್ತು. ನನ್ನ ಅರ್ಜಿಯನ್ನು ಅವರು ಮಡಚಿ ಪಕ್ಕಕ್ಕಿಟ್ಟರು.

“ಹೊರಗೆ ಎಷ್ಟು ಜನ ಕೂತಿದ್ದಾರೆ?” ಎಂದು ಹಿಂದಿಯಲ್ಲಿ ಕೇಳಿದರು.

“ಮೂರು ಜನ. ಕನ್ನಡಕದವರು ಅರ್ಧ ಗಂಟೆಯಿಂದ ಕಾಯ್ತಾ ಇದ್ದಾರೆ, ಪೇಪರಿನ ಕೊನೆಯ ಪುಟಕ್ಕೆ ಬಂದಿದ್ದಾರೆ. ನೀಲಿ ಅಂಗಿಯವರು ಇವತ್ತು ಹೆಂಡತಿ ಹತ್ತಿರ ಜಗಳ ಮಾಡಿದ್ದಾರೆ. ಮೂರನೆಯವರಿಗೆ ಇಲ್ಲಿ ಕೆಲಸವೇ ಇಲ್ಲ, ಫ್ಯಾನಿನ ಗಾಳಿಗೆ ಬಂದವರು” ಎಂದೆ.

ಸಾಹೇಬರು ಎದ್ದು ಹೋಗಿ ವಿಚಾರಿಸಿಕೊಂಡು ಬಂದರು. ಮೂರನೆಯವರ ವಿಷಯ ಸರಿಯಾಗಿತ್ತು. ನೀಲಿ ಅಂಗಿಯವರಿಗೆ ಮದುವೆಯೇ ಆಗಿರಲಿಲ್ಲ. ಮೂರರಲ್ಲಿ ಎರಡು ಸಾಕು, ಪೊಲೀಸರದು ಇದಕ್ಕಿಂತ ಕಡಿಮೆ ಎಂದು ಹೇಳಿ ಅವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಹದಿನಾರು ವರ್ಷ ಲೋಕಲ್ ಗಾಡಿಯ ಹೆಂಗಸರ ಬೋಗಿಯಲ್ಲಿ ನಿಂತು ಓಡಾಡಿದವರಿಗೆ ಬೇರೆ ತರಬೇತಿ ಬೇಕಾಗುವುದಿಲ್ಲ. ಯಾರು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಾರೆಂದು ಮುಖ ನೋಡಿಯೇ ತಿಳಿಯದಿದ್ದರೆ ಜನ್ಮದಲ್ಲಿ ಕೂರಲು ಸೀಟು ಸಿಗುವುದಿಲ್ಲ. ಮುಂಬ್ರಾದಲ್ಲಿ ಇಳಿಯುವವಳು ದಿವಾ ಬರುವಾಗಲೇ ಸೆರಗು ಸರಿಮಾಡಿಕೊಳ್ಳುತ್ತಾಳೆ. ಠಾಣೆಯಲ್ಲಿ ಇಳಿಯುವವಳು ಕಲವಾ ದಾಟಿದ ಮೇಲೂ ನಿದ್ದೆ ಮಾಡುವಂತೆ ನಟಿಸುತ್ತಾಳೆ, ಆದರೆ ಕಾಲ ಹೆಬ್ಬೆರಳು ಚಪ್ಪಲಿ ಹುಡುಕುತ್ತಿರುತ್ತದೆ. ಮನುಷ್ಯರ ಮುಖಕ್ಕಿಂತ ಕಾಲ್ಬೆರಳು ಹೆಚ್ಚು ಸತ್ಯ ಹೇಳುತ್ತದೆ ಎಂಬುದು ನಾನು ಸೆಂಟ್ರಲ್ ಲೈನಿನಲ್ಲಿ ಕಲಿತ ಪಾಠ.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ನಮ್ಮವರು ಗಂಜಿಯ ಬಟ್ಟಲು ಕೆಳಗಿಟ್ಟರು. ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್ ಅವರು, ಗಾಬರಿಯಾದಾಗ ಮಾತ್ರ ತುಳು ಬಿಟ್ಟು ಕನ್ನಡಕ್ಕೆ ಬರುತ್ತಾರೆ. “ಎಂತ ಮಾರಾಯ್ತಿ, ಪತ್ತೇದಾರಿಕೆಯಾ? ನಿನಗೆ ಎರಡು ಸಲ ನೋಡಿದ ಸಿನಿಮಾದಲ್ಲೇ ಕಳ್ಳ ಯಾರು ಅಂತ ನೆನಪಿರುವುದಿಲ್ಲ!” ಎಂದರು. ಮಗಳು ಶ್ರಾವ್ಯಾ, ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುವವಳು, “ಆಯಿ, ತೂ? ಡಿಟೆಕ್ಟಿವ್?” ಅಮ್ಮಾ, ನೀನಾ ಎಂದು ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದಳು.

ಅವರು ನಕ್ಕದ್ದರಲ್ಲಿ ತಪ್ಪಿಲ್ಲವೆಂದು ಮೊದಲ ತಿಂಗಳಲ್ಲೇ ನಾನು ಸಾಧಿಸಿ ತೋರಿಸಿದೆ. ಕೆಲಸಕ್ಕೆ ತಕ್ಕ ಹಾಗೆ ಇರಲೆಂದು ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಹೊರಟರೆ, ಕೆಳಗಿನ ಮನೆಯ ಜೋಶಿಬಾಯಿ ಅಡ್ಡ ನಿಂತು ಕಣ್ಣಿನ ಪೊರೆಯ ಆಪರೇಷನ್ ಎಲ್ಲಿ ಮಾಡಿಸಿದಿರಿ, ಡಾಕ್ಟರು ಹೇಗೆ ಎಂದು ವಿಚಾರಿಸಿದರು. ಸಾನಪಾಡಾದಲ್ಲಿ ಮದುವೆಗೆ ನಿಂತ ಹುಡುಗನೊಬ್ಬನನ್ನು ಹಿಂಬಾಲಿಸುವ ಕೆಲಸ ಕೊಟ್ಟರು. ಸೆಕ್ಟರಿನಿಂದ ಸೆಕ್ಟರಿಗೆ ಅವನ ಹಿಂದೆ ನಡೆದೆ. ಆ ಊರಿನ ಬೀದಿಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಮೂರನೆಯ ತಿರುವಿನಲ್ಲಿ ಅವನು ಗಕ್ಕನೆ ನಿಂತು ತಿರುಗಿ, “ಕಾಕೂ, ದಾರಿ ತಪ್ಪಿತಾ?” ಎಂದು ಕೇಳಿದ. ಹೌದಪ್ಪ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಪಾಪ, ನನ್ನ ಕೈಚೀಲ ಹಿಡಿದುಕೊಂಡು ಸ್ಟೇಷನ್ನಿನವರೆಗೆ ಬಂದು, ಗಾಡಿ ಹತ್ತಿಸಿ ಕಳಿಸಿದ. ಹುಡುಗ ಬಂಗಾರದಂಥವನು, ಕಣ್ಣು ಮುಚ್ಚಿ ಮದುವೆ ಮಾಡಿ ಎಂದು ವರದಿ ಬರೆದುಕೊಟ್ಟೆ. ಅವರ ಮದುವೆಯಾಗಿ ಈಗ ಎರಡು ಮಕ್ಕಳಿವೆ. ಸಿಕ್ಕಿಬಿದ್ದು ಯಶಸ್ವಿಯಾದ ಪತ್ತೇದಾರಳು ಬಹುಶಃ ನಾನೊಬ್ಬಳೇ.

ಹೀಗೇ ಏಳೆಂಟು ವರ್ಷ ನಡೆಯಿತು. ಕಚೇರಿಯಲ್ಲಿ ನನ್ನದು ‘ಅಡುಗೆಮನೆ ವಿಭಾಗ’ ಎಂದು ಗಂಡಸರು ಹಾಸ್ಯ ಮಾಡುತ್ತಿದ್ದರು. ಹುಡುಗಿ ಹೇಗೆ, ಅತ್ತೆ ಹೇಗೆ, ಮನೆಗೆಲಸದವಳು ನಂಬುಗಸ್ಥಳೋ, ಇಂಥವೆಲ್ಲ ನನ್ನ ಪಾಲು. ಕಾರ್ಖಾನೆ, ಕಂಪನಿಗಳ ದೊಡ್ಡ ಕೇಸುಗಳೆಲ್ಲ ಅವರ ಪಾಲು. ನಾನು ಚಹಾ ಕುಡಿದು ಕುಡಿದು ಸಂಗ್ರಹಿಸಿದ ವಿಷಯ ವರದಿಯಾಗಿ ಹೋಗುವಾಗಲೂ ಕೆಳಗೆ ಬೇರೆ ಯಾರದೋ ಸಹಿ. ಯಾಕೆಂದು ಒಮ್ಮೆ ಸಾಹೇಬರನ್ನೇ ಕೇಳಿದೆ. “ವಾರಿಜಾಬಾಯಿ, ಗಿರಾಕಿಗಳಿಗೆ ಗಂಡಸಿನ ಹೆಸರಿದ್ದರೆ ಧೈರ್ಯ” ಎಂದರು. ಕೆಟ್ಟ ಮನುಷ್ಯರಲ್ಲ, ಹೇಳುವಾಗ ಕಣ್ಣು ತಗ್ಗಿಸಿದ್ದರು. ನಾನೂ ತಲೆಯಾಡಿಸಿ ಬಂದೆ. ಆದರೆ ಅಂದು ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ನನಗೆ ಸಂತೋಷವಾಗಲಿಲ್ಲ. ಅಂಥ ಬೇಸರ ಎಷ್ಟು ದೊಡ್ಡದೆಂದು ಲೋಕಲ್ಲಿನಲ್ಲಿ ಓಡಾಡಿದವರಿಗೆ ಮಾತ್ರ ಅರ್ಥವಾದೀತು.

ಆ ಮಳೆಗಾಲದಲ್ಲಿ ದೇಸಾಯರು ಬಂದರು. ಧಾರವಾಡದ ಕಡೆಯವರು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪೈಪಿನ ವಾಲ್ವು ತಯಾರಿಸುವ ಕಾರ್ಖಾನೆ ಅವರದು. ನಾನು ಕನ್ನಡದವಳೆಂದು ಗೊತ್ತಾದ ಕೂಡಲೇ ಸಾವಂತ್ ಸಾಹೇಬರನ್ನು ಮರೆತು ನನ್ನ ಕಡೆಗೇ ಕುರ್ಚಿ ತಿರುಗಿಸಿಕೊಂಡರು.

“ನೋಡ್ರಿ ಅಕ್ಕಾರ, ನಮ್ಮ ಡ್ರಾಯಿಂಗ್ ಹೊರಗ ಹೊಂಟಾವ. ನಾವು ಹೊಸಾ ವಾಲ್ವ್ ಮಾಡೂದರಾಗ ರಬಾಳೆದಾಗ ಇನ್ನೊಬ್ಬಾಂವ ಅದನ್ನ ಮಾಡಿ ಮಾರಾಕ ಹತ್ತಿರತಾನ. ಹೋದ ಸಲ ನಮ್ಮ ಡ್ರಾಯಿಂಗಿನಾಗ ಒಂದು ತೂತು ತಪ್ಪಿ ಹೆಚ್ಚಿಗಿ ಬಿದ್ದಿತ್ತು. ಮರುದಿನಾ ತಿದ್ದಿಸಿದ್ವಿ. ಆ ಮಗಾ ಆ ತೂತು ಸೈತ ಬಿಡದ ಹಾಕ್ಯಾನ್ರಿ!”

ಅವರಿಗೆ ಒಬ್ಬಳ ಮೇಲೆ ಅನುಮಾನವಿತ್ತು. ಡ್ರಾಯಿಂಗ್ ತೆಗೆಯುವ ಮೇಘನಾ ಎಂಬ ಮೈಸೂರಿನ ಹುಡುಗಿ. ಕೆಲಸಕ್ಕೆ ಸೇರಿ ಒಂದು ವರ್ಷ. ಈ ಗಲಾಟೆ ಶುರುವಾದ ಮೇಲೆ ದೇಸಾಯರು ಎಲ್ಲರ ಮೊಬೈಲುಗಳನ್ನು ಗೇಟಿನಲ್ಲೇ ಇಡಿಸಿದ್ದರು, ಚೀಲಗಳನ್ನು ತಪಾಸಣೆ ಮಾಡಿಸುತ್ತಿದ್ದರು, ಕಂಪ್ಯೂಟರಿಗೆ ಹೊರಗಿನ ಸಂಪರ್ಕವೇ ಇಲ್ಲದಂತೆ ಮಾಡಿದ್ದರು. ಆದರೂ ಈ ಹುಡುಗಿ ದಿನಾ ಊಟದ ಬಿಡುವಿನಲ್ಲಿ ಗೇಟಿಗೆ ಓಡಿ, ತನ್ನ ಮೊಬೈಲು ಪಡೆದು, ಬಾದಾಮಿ ಮರದ ಕೆಳಗೆ ನಿಂತು ಯಾರೊಡನೆಯೋ ಪಿಸುಗುಟ್ಟುತ್ತಿದ್ದಳಂತೆ. ಯಾರಾದರೂ ಹತ್ತಿರ ಬಂದರೆ ಗಪ್ಪನೆ ನಿಲ್ಲಿಸುತ್ತಿದ್ದಳಂತೆ. ಹದಿನೈದು ದಿನದಲ್ಲಿ ಪುರಾವೆ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಅವಳನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ದೂರು ಕೊಡುವುದಾಗಿ ಅವರು ನಿಶ್ಚಯಿಸಿಬಿಟ್ಟಿದ್ದರು.

ಸಾಹೇಬರು ಮೊದಲು ಇಬ್ಬರು ಗಂಡಸರನ್ನು ಕಳಿಸಿದರು. ಒಬ್ಬ ಎಲೆಕ್ಟ್ರಿಷಿಯನ್ ಆಗಿ ಹೋದ. ಕಾರ್ಖಾನೆಯವರು ಕೆಟ್ಟ ಮೋಟಾರೊಂದನ್ನು ತಂದು ಅವನ ಮುಂದಿಟ್ಟಾಗ ಓಡಿಬಂದ. ಇನ್ನೊಬ್ಬ ವಾಚ್‌ಮನ್ ಆಗಿ ಹೋದ. ಎರಡನೆಯ ದಿನವೇ ಒಬ್ಬ ಕಾರ್ಮಿಕ ಅವನನ್ನು ಕಂಡು, ನೀವು ನಮ್ಮ ಅಕ್ಕನ ಮದುವೆಯ ಸಮಯದಲ್ಲಿ ಬಂದು ವಿಚಾರಿಸಿದ ಪತ್ತೇದಾರರಲ್ಲವೇ ಎಂದು ಎಲ್ಲರೆದುರು ಕಾಲಿಗೆ ನಮಸ್ಕಾರ ಮಾಡಿದ. ಐದು ದಿನ ಹೀಗೇ ಕಳೆಯಿತು. ಆರನೆಯ ದಿನ ಆ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳು ಮಗಳ ಬಾಣಂತನಕ್ಕೆ ಊರಿಗೆ ಹೊರಟಳು. ಸಾಹೇಬರು ನನ್ನನ್ನು ನೋಡಿದರು. ನಾನು ಸಾಹೇಬರನ್ನು ನೋಡಿದೆ.

“ಹೋಗ್ತೇನೆ. ಆದರೆ ವರದಿಗೆ ಸಹಿ ನನ್ನದು” ಎಂದೆ.

ಅವರು ಮೀಸೆ ಒಂದು ಸಲ ಸವರಿಕೊಂಡು ‘ಚಾಲೇಲ್’ ಎಂದರು, ಆಗಬಹುದು ಎಂದು.

ಮರುದಿನದಿಂದ ನಾನು ನಲವತ್ತೆರಡು ಜನರಿಗೆ ಅಡುಗೆ ಮಾಡತೊಡಗಿದೆ. ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು. ಮೊದಲ ಮೂರು ದಿನ ನಾನು ಯಾವ ಪತ್ತೇದಾರಿಕೆಯನ್ನೂ ಮಾಡಲಿಲ್ಲ. ಸಾರು ಮಾಡಿದೆ, ಹುಳಿ ಮಾಡಿದೆ, ನೀರುದೋಸೆ ಮಾಡಿದೆ. ಮೂರು ಹೊತ್ತೂ ಒಂದೇ ಕಾಳಿನ ಉಸಳ್ ತಿಂದು ಬೇಸತ್ತಿದ್ದ ಕಾರ್ಮಿಕರು ತಟ್ಟೆ ನೆಕ್ಕುವುದನ್ನು ನೋಡುವಾಗ, ಕಳ್ಳ ಹಾಳಾಗಿ ಹೋಗಲಿ, ನಾಳೆ ಗಸಿ ಮಾಡುವುದೋ ಪಲ್ಯ ಮಾಡುವುದೋ ಎಂಬ ಯೋಚನೆಯೇ ತಲೆಯಲ್ಲಿ. ಸಾಹೇಬರು ಫೋನು ಮಾಡಿ ಪ್ರಗತಿ ಏನು ಎಂದರೆ, ಇವತ್ತು ಉಪ್ಪು ಸ್ವಲ್ಪ ಜಾಸ್ತಿಯಾಯಿತು ಎಂದು ವರದಿ ಕೊಟ್ಟೆ. ಸಾಹೇಬರು ಫೋನು ಇಟ್ಟುಬಿಟ್ಟರು.

ನಾಲ್ಕನೆಯ ದಿನ ಬಾದಾಮಿ ಮರದ ಹತ್ತಿರವೇ ಪಾತ್ರೆ ಒಣಗಿಸುವ ನೆಪ ಮಾಡಿಕೊಂಡು ಕೂತೆ. ಮೇಘನಾ ಬಂದಳು. ಕಿವಿಗೆ ಫೋನು ಹಿಡಿದು ಪಿಸುಗುಟ್ಟಿದಳು. ನಾನು ಉಸಿರು ಬಿಗಿಹಿಡಿದು ಕೇಳಿದರೆ, ಅವಳು ಹೇಳುತ್ತಿದ್ದದ್ದು ಇಷ್ಟು: “ಮೀ ಭಾಕರಿ ಕರತೇ. ತೂ ಭಾಕರಿ ಕರತೇಸ್. ತೀ ಭಾಕರಿ ಕರತೇ.” ನಾನು ರೊಟ್ಟಿ ಮಾಡುತ್ತೇನೆ, ನೀನು ಮಾಡುತ್ತೀ, ಅವಳು ಮಾಡುತ್ತಾಳೆ! ಇದು ಗುಪ್ತಭಾಷೆಯೋ ಏನೋ ಎಂದು ಒಂದು ಕ್ಷಣ ನನಗೂ ರೋಮಾಂಚನವಾಯಿತು. ಆಮೇಲೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟೆ.

“ಎಂತದು ಮಗಾ ಅದು, ದಿನಾ ಪಾಠ ಒಪ್ಪಿಸಿದ ಹಾಗೆ?”

“ಅಯ್ಯೋ ಆಂಟಿ, ನಿಮ್ಗೆ ಕೇಳಿಸ್ತಾ?” ಹುಡುಗಿಯ ಕಿವಿ ಕೆಂಪಾಯಿತು. “ಯಾರಿಗೂ ಹೇಳ್ಬೇಡಿ ಪ್ಲೀಸ್. ನಾನು ಮದ್ವೆ ಆಗ್ಬೇಕು ಅಂತಿರೋವ್ರು ಮರಾಠಿಯವ್ರು. ಅವ್ರ ಅಮ್ಮಂಗೆ ಬೇರೆ ಭಾಷೆ ಬರಲ್ಲ. ಮುಂದಿನ್ ತಿಂಗ್ಳು ನನ್ನ ನೋಡೋಕೆ ಬರ್ತಾರೆ. ಅಷ್ಟ್ರಲ್ಲಿ ನಾಲ್ಕು ಮಾತಾದ್ರೂ ಬರ್ಲಿ ಅಂತ ಫ್ರೆಂಡ್ ಹತ್ರ ಕಲೀತಿದೀನಿ. ನಮ್ಮನೇಲಿ ಇನ್ನೂ ಹೇಳಿಲ್ಲ ಆಂಟಿ.”

ನನಗೆ ನಗು ಬಂತು, ಜೊತೆಗೇ ದೇಸಾಯರ ಗಡುವೂ ನೆನಪಾಯಿತು. ರೊಟ್ಟಿ ಮಾಡಲು ಕಲಿಯುತ್ತಿದ್ದ ಹುಡುಗಿ ಇನ್ನೊಂದು ವಾರದಲ್ಲಿ ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತಿರುತ್ತಾಳೆ. ಅವಳು ಅಲ್ಲವೆಂದು ನಾನೊಬ್ಬಳು ಹೇಳಿದರೆ ದೇಸಾಯರು ಒಪ್ಪುವವರಲ್ಲ. ಹಾಗಾದರೆ ಯಾರು ಎಂದು ಕೇಳಿಯೇ ಕೇಳುತ್ತಾರೆ.

ಅಂದು ತೆಂಗಿನಕಾಯಿ ತುರಿಯುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ರಬಾಳೆಯವನು ಮಾಡಿದ್ದು ತಪ್ಪು ತೂತಿನ ವಾಲ್ವು. ಮೇಘನಾಳೇ ಮಾರುವವಳಾಗಿದ್ದರೆ ತಾನೇ ತಿದ್ದಿದ ಸರಿಯಾದ ಡ್ರಾಯಿಂಗ್ ಮಾರುತ್ತಿದ್ದಳಲ್ಲ? ಹೊರಗೆ ಹೋದದ್ದು ರದ್ದಾದ ಕಾಗದ. ಆ ಕಾರ್ಖಾನೆಯಲ್ಲಿ ರದ್ದಾದ ಕಾಗದಗಳೆಲ್ಲ ಹರಿದುಹಾಕುವುದಕ್ಕೆಂದು ಸ್ಟೋರಿಗೆ ಹೋಗುತ್ತಿದ್ದವು. ಸ್ಟೋರಿನ ಯಜಮಾನಿಕೆ ಗುಪ್ತೆಯವರದು. ಹದಿನೈದು ವರ್ಷದಿಂದ ಇದ್ದವರು, ಹಣೆಗೆ ಗಂಧ, ಮೃದುವಾದ ಮಾತು. ದೇಸಾಯರು ಕೂಡ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಹೆಸರೇ ಗುಪ್ತೆ. ಆ ಹೆಸರು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಆದರೆ ಅಷ್ಟು ಸುಲಭವಾಗಿದ್ದರೆ ನಮಗೆ ಸಂಬಳ ಯಾಕೆ ಕೊಡುತ್ತಾರೆ?

ಮರುದಿನ ಗುಪ್ತೆಯವರ ಊಟದ ಮೇಲೆ ಕಣ್ಣಿಟ್ಟೆ. ಅವರು ಕ್ಯಾಂಟೀನಿನ ಊಟ ಮಾಡುವವರಲ್ಲ, ಮನೆಯಿಂದ ನಾಲ್ಕು ಅಂತಸ್ತಿನ ಸ್ಟೀಲಿನ ಡಬ್ಬಿ ತರುತ್ತಿದ್ದರು. ಮೇಲಿನದರಲ್ಲಿ ಪೋಳಿ ಎಂಬ ಚಪಾತಿ, ಎರಡನೆಯದರಲ್ಲಿ ಭಾಜಿ ಎಂಬ ಪಲ್ಯ. ಎರಡನ್ನೂ ಖಾಲಿ ಮಾಡಿ ಸುತ್ತಮುತ್ತ ನೋಡಿ, “ಮಾವಶಿ, ಸ್ವಲ್ಪ ಅನ್ನ ಸಾರು ಸಿಗಬಹುದಾ?” ಎಂದು ನನ್ನ ಹತ್ತಿರ ಬಂದರು. ಕೊಟ್ಟೆ. ಮರುದಿನವೂ ಹಾಗೇ. ಮೂರನೆಯ ದಿನ ಎರಡು ಸಲ ಬಡಿಸಿಕೊಂಡರು. ಹಸಿದ ಗಂಡಸು ಡಬ್ಬಿಯ ಕೆಳಗಿನ ಎರಡು ಅಂತಸ್ತು ಬಿಚ್ಚದೆ ಅನ್ನ ಕೇಳಿಕೊಂಡು ಬರುವುದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಇನ್ನೂ ಒಂದು ವಿಷಯ. ಡಬ್ಬಿ ತರುವವರೆಲ್ಲ ಊಟವಾದ ಮೇಲೆ ನನ್ನ ನಲ್ಲಿಯಲ್ಲಿ ತೊಳೆದುಕೊಂಡು ಹೋಗುತ್ತಿದ್ದರು. ಇವರೊಬ್ಬರು ಮಾತ್ರ ಮೇಲಿನ ಎರಡನ್ನು ತೊಳೆದು, ಕೆಳಗಿನ ಎರಡಕ್ಕೆ ಒಂದು ಹನಿ ನೀರೂ ತಾಗದಂತೆ ಎತ್ತಿಕೊಂಡು ಹೋಗುತ್ತಿದ್ದರು. ಗೇಟಿನಲ್ಲಿ ಚೀಲ ನೋಡುವ ವಾಚ್‌ಮನ್ ಡಬ್ಬಿಯ ಮುಚ್ಚಳ ತೆಗೆಸುತ್ತಿರಲಿಲ್ಲ. ಇನ್ನೊಬ್ಬರ ಎಂಜಲು ಡಬ್ಬಿಯಲ್ಲಿ ಇಣುಕುವುದು ನಮ್ಮ ದೇಶದಲ್ಲಿ ಸಭ್ಯತೆಯಲ್ಲ.

ಸಾವಂತ್ ಸಾಹೇಬರಿಗೆ ಹೇಳಿದೆ. ಅವರು ಚಿಂತೆಗೆ ಬಿದ್ದರು. ಹದಿನೈದು ವರ್ಷದ ಹಳೆಯ ಮನುಷ್ಯನ ಡಬ್ಬಿಯನ್ನು ಎಲ್ಲರೆದುರು ಬಿಚ್ಚಿಸಿ, ಒಳಗೆ ದಾಲ್ ಸಿಕ್ಕರೆ ನಮ್ಮ ಏಜೆನ್ಸಿ ಮುಚ್ಚಬೇಕಷ್ಟೆ ಎಂದರು. “ಬಿಚ್ಚಿಸುವುದು ಬೇಡ ಸರ್, ಅವರೇ ಬಿಚ್ಚುವ ಹಾಗೆ ಮಾಡ್ತೇನೆ” ಎಂದೆ. ಹೇಗೆಂದು ಕೇಳಿದರು. ಡೊಂಬಿವಲಿ ಮಾರ್ಕೆಟಿನಲ್ಲಿ ಒಳ್ಳೆಯ ಕೆಸುವಿನ ಎಲೆ ಬಂದಿದೆ ಎಂದೆ. ಸಾಹೇಬರಿಗೆ ಇದು ಉತ್ತರವೆಂದು ಅನ್ನಿಸಲಿಲ್ಲ.

ದೇಸಾಯರು ಕೊಟ್ಟ ಗಡುವಿನ ಕೊನೆಯ ದಿನ ಅದು. ಬೆಳಿಗ್ಗೆ ಅವರಿಗೆ ಎರಡೇ ಮಾತು ಹೇಳಿದೆ. ಮೇಘನಾಳಿಂದ ಹೊಸ ವಾಲ್ವಿನ ಡ್ರಾಯಿಂಗ್ ತೆಗೆಸಿ, ರದ್ದು ಎಂದು ಬರೆಸಿ ಸ್ಟೋರಿಗೆ ಕಳಿಸಿ. ಸಂಜೆ ಎಲ್ಲರೂ ಮನೆಗೆ ಹೊರಡುವಾಗ ಗೇಟಿನ ಹತ್ತಿರ ನನ್ನ ಪಕ್ಕದಲ್ಲಿ ನಿಲ್ಲಿ, ಬಾಯಿ ಮಾತ್ರ ತೆರೆಯಬೇಡಿ. ಮೊದಲನೆಯದು ಸುಲಭವಾಗಿತ್ತು, ಎರಡನೆಯದು ಅವರಿಗೆ ಬಹಳ ಕಷ್ಟವಾಯಿತು.

ಮಧ್ಯಾಹ್ನವೆಲ್ಲ ಕೂತು ಪತ್ರೊಡೆ ಮಾಡಿದೆ. ಅಕ್ಕಿ, ಹುಣಿಸೆ, ಬೆಲ್ಲ, ಮೆಣಸು ಅರೆದು, ಎಲೆಯ ಮೇಲೆ ಎಲೆ ಹಚ್ಚಿ, ಸುರುಳಿ ಸುತ್ತಿ ಬೇಯಿಸಿ, ಹೋಳು ಮಾಡಿ ತೆಂಗಿನೆಣ್ಣೆಯಲ್ಲಿ ಕಾಯಿಸಿದೆ. ಪರಿಮಳ ಲೇತು ಯಂತ್ರಗಳವರೆಗೆ ಹೋಯಿತು. ಸಂಜೆ ಐದೂವರೆಗೆ ದೊಡ್ಡ ತಟ್ಟೆ ಹಿಡಿದು ಗೇಟಿನಲ್ಲಿ ನಿಂತೆ. “ನಾಳೆಯಿಂದ ನಾನಿಲ್ಲ, ಹಳೆಯ ಅಡುಗೆಯವಳು ಬರ್ತಾಳೆ. ಮನೆಯ ಮಕ್ಕಳಿಗೆ ನಾಲ್ಕು ಪತ್ರೊಡೆ. ಡಬ್ಬಿ ತೆಗೀರಿ, ಡಬ್ಬಿ ತೆಗೀರಿ!” ಎಂದು ಮೂರು ಭಾಷೆಯಲ್ಲಿ ಕೂಗಿದೆ. ಸಾಲು ನಿಂತಿತು. ಒಬ್ಬೊಬ್ಬರೂ ಖುಷಿಯಿಂದ ಡಬ್ಬಿ ಒಡ್ಡಿದರು. ಡಬ್ಬಿಯಿಲ್ಲದವರು ಕರವಸ್ತ್ರ ಒಡ್ಡಿದರು.

ಗುಪ್ತೆಯವರು ಸಾಲಿನ ಪಕ್ಕದಿಂದ ನುಸುಳಲು ನೋಡಿದರು. ನಾನು ತಟ್ಟೆ ಸಮೇತ ಅಡ್ಡ ನಿಂತೆ.

“ನಕೋ ಹೋ ಮಾವಶಿ, ಡಬ್ಬಾ ಭರಲೇಲಾ ಆಹೆ” ಎಂದರು, ಡಬ್ಬಿ ತುಂಬಿದೆ ಬೇಡ ಎಂದು.

“ತುಂಬಿದೆಯಾ? ಮಧ್ಯಾಹ್ನ ಊಟ ಮಾಡಲಿಲ್ವಾ ಹಾಗಾದ್ರೆ? ನನ್ನ ಹತ್ತಿರ ಎರಡು ಸಲ ಅನ್ನ ಹಾಕಿಸಿಕೊಂಡಿರಲ್ಲ!”

ಸಾಲಿನಲ್ಲಿದ್ದವರು ನಕ್ಕರು. “ಭಾಜಿ ಮಿಕ್ಕಿದೆ” ಎಂದರು ಗುಪ್ತೆ.

“ಬೆಳಗ್ಗಿನ ಭಾಜಿ ಈ ಸೆಕೆಗೆ ಹಳಸಿರ್ತದೆ. ಕೊಡಿ ಇಲ್ಲಿ, ಎಸೆದು ತೊಳೆದು ಕೊಡ್ತೇನೆ. ಹೆಂಡತಿ ಮಕ್ಕಳಿಗೆ ಅದನ್ನು ಕೊಡ್ತೀರಾ?”

ದಕ್ಷಿಣ ಕನ್ನಡದ ಹೆಂಗಸಿನ ಒತ್ತಾಯವೆಂದರೇನೆಂದು ಅನುಭವಿಸಿದವರಿಗೇ ಗೊತ್ತು. ಪೊಲೀಸರ ಲಾಠಿಗೂ ಬಾಯಿ ಬಿಡದವರು ಅದರ ಮುಂದೆ ಸೋಲುತ್ತಾರೆ. ಬೇಡ ಎಂದರೆ ಇನ್ನೊಂದು, ಸಾಕು ಎಂದರೆ ಇನ್ನೆರಡು. ನಮ್ಮ ಮನೆಯಲ್ಲಿ ಊಟ ಮಾಡಿ ಎದ್ದವರನ್ನು ಮತ್ತೆ ಕೂರಿಸಿ ಬಡಿಸಿದ ಪರಂಪರೆ ನಮ್ಮದು. ನಾನು ಡಬ್ಬಿಯ ಹಿಡಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಭಾಜಿಯೇ ಸಿಕ್ಕಿಬಿಟ್ಟರೆ? ಅಷ್ಟರಲ್ಲಿ ಹಿಂದಿನಿಂದ ಯಾರೋ, “ಘ್ಯಾ ನಾ, ತಗೊಳ್ಳಿ ಗುಪ್ತೆಸಾಹೇಬ್, ಮಾವಶಿಯ ಮನಸ್ಸು ಯಾಕೆ ನೋಯಿಸ್ತೀರಿ” ಎಂದರು. ಡಬ್ಬಿಯ ಕೊಂಡಿ ಕಳಚಿತು. ನಾಲ್ಕು ಅಂತಸ್ತೂ ಗಡಗಡ ಎಂದು ನೆಲಕ್ಕೆ ಬಿದ್ದವು. ಮೇಲಿನವು ಎರಡೂ ಖಾಲಿ. ಕೆಳಗಿನ ಎರಡರಿಂದ ಅಂದವಾಗಿ ಮಡಚಿದ ಡ್ರಾಯಿಂಗುಗಳು ಹೊರಗೆ ಬಂದು ಪತ್ರೊಡೆಯ ಸುರುಳಿಯ ಹಾಗೆ ಬಿಚ್ಚಿಕೊಂಡವು. ಮೇಲೆ ಮೇಘನಾಳ ಕೈಬರಹದಲ್ಲಿ ಕೆಂಪಕ್ಷರದ ‘ರದ್ದು’.

ಅಲ್ಲಿಯವರೆಗೆ ತುಟಿ ಕಚ್ಚಿಕೊಂಡು ನಿಂತಿದ್ದ ದೇಸಾಯರಿಗೆ ಇನ್ನು ತಡೆಯಲಾಗಲಿಲ್ಲ.

“ಯಾಕ್ರೀ ಗುಪ್ತೆ, ನಿಮ್ಮ ಮನ್ಯಾಗ ಕಾಗದದ ಪಲ್ಯಾ ಮಾಡ್ತಾರೇನ್ರೀ?” ಎಂದರು. ಕನ್ನಡ ಬಾರದ ಗುಪ್ತೆಯವರಿಗೂ ಅದು ಅರ್ಥವಾಯಿತು.

ಆಫೀಸಿನಲ್ಲಿ ಕೂತು ಅವರು ಎಲ್ಲ ಹೇಳಿದರು. ರಬಾಳೆಯ ಆ ಕಾರ್ಖಾನೆಯಲ್ಲಿ ಅವರ ಭಾವಮೈದ ಇದ್ದ. ಮ್ಯಾನೇಜರ್ ಕುರ್ಚಿ ಕೊಡಿಸುತ್ತೇನೆಂದು ಆಸೆ ಹುಟ್ಟಿಸಿದ್ದ. ಹದಿನೈದು ವರ್ಷ ಸ್ಟೋರಿನಲ್ಲೇ ಕೂತೆ, ಒಮ್ಮೆಯಾದರೂ ಮೇಲಕ್ಕೆ ಬಾ ಎಂದು ಯಾರೂ ಹೇಳಲಿಲ್ಲ ಎಂದು ಕಣ್ಣೊರೆಸಿಕೊಂಡರು. ಬೇರೆಯವರ ಸಹಿಯ ಕೆಳಗೆ ಕೆಲಸ ಮಾಡಿದವಳು ನಾನು. ಆ ನೋವು ನನಗೆ ಅರ್ಥವಾಯಿತು. ಆದರೆ ಅದಕ್ಕೆ ಒಬ್ಬ ಹುಡುಗಿಯನ್ನು ಬಲಿ ಕೊಡುವುದು ಅರ್ಥವಾಗಲಿಲ್ಲ. ಅವರು ರಾಜೀನಾಮೆ ಬರೆದುಕೊಟ್ಟು ಹೊರಡುವಾಗ ಖಾಲಿಯಾದ ಡಬ್ಬಿಗೆ ನಾಲ್ಕು ಪತ್ರೊಡೆ ಹಾಕಿಕೊಟ್ಟೆ. ಹಾಕುತ್ತೇನೆಂದು ಹೇಳಿದ್ದೆನಲ್ಲ.

“ಮತ್ತ ಆ ಹುಡುಗಿ ಫೋನಿನಾಗ ಏನ್ ಗುಸುಗುಸು ಮಾಡ್ತಿದ್ದಳ್ರಿ?” ಎಂದು ದೇಸಾಯರು ಕೇಳಿದರು.

“ನೀವು ಕೇಳಿದ್ದು ಡ್ರಾಯಿಂಗ್ ಯಾರು ತೆಗೆದುಕೊಂಡು ಹೋಗ್ತಾರೆ ಅಂತ. ಅದಕ್ಕೆ ಉತ್ತರ ಸಿಕ್ಕಿತು. ಉಳಿದದ್ದು ನನ್ನ ಕಿವಿಗೆ ಬಿದ್ದಿಲ್ಲ” ಎಂದೆ.

ಅವರು ಎದ್ದು ಗೇಟಿಗೆ ಹೋಗಿ, ಇನ್ನೂ ಅಲ್ಲೇ ಇದ್ದ ಮೇಘನಾಳ ಮುಂದೆ ನಿಂತು, ಕೆಲಸಾ ಭಾಳ ಚಲೋ ಮಾಡ್ತೀಯವ್ವಾ ಎಂದರಂತೆ. ಹುಡುಗಿ ನನ್ನ ಹತ್ತಿರ ಓಡಿಬಂದು, “ಆಂಟಿ, ಸರ್ ಫಸ್ಟ್ ಟೈಮ್ ಹೊಗಳಿದ್ರು!” ಎಂದು ನನ್ನ ಎಣ್ಣೆ ಕೈಗಳನ್ನೇ ಹಿಡಿದು ಕುಣಿದಳು. ತನ್ನ ತಲೆಯ ಮೇಲೆ ಏನು ತೂಗುತ್ತಿತ್ತೆಂದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಈ ವೃತ್ತಿಯಲ್ಲಿ ನನಗೆ ಸಿಕ್ಕಿದ ದೊಡ್ಡ ಬಹುಮಾನ ಅದೇ ಎಂದು ಈಗಲೂ ಅನ್ನಿಸುತ್ತದೆ.

ಸಾವಂತ್ ಸಾಹೇಬರು ಮಾತು ಉಳಿಸಿಕೊಂಡರು. ವರದಿಯ ಕೆಳಗೆ ‘ತನಿಖೆಯ ಮುಖ್ಯಸ್ಥೆ: ಶ್ರೀಮತಿ ವಾರಿಜಾ’ ಎಂದು ಟೈಪು ಮಾಡಿಸಿ, ತಾವೇ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಸಹಿ ಮಾಡುವಾಗ ಸಂಭ್ರಮದಲ್ಲಿ ‘ವಾ’ ಎಂಬುದು ‘ಮಾ’ ಆಗಿ, ಮಾರಿಜಾ ಎಂದಾಯಿತು. ಮಾರಿಯ ಹಾಗೇ ಬಂದಿರಿ, ಇರಲಿ ಬಿಡಿ ಎಂದು ದೇಸಾಯರು ಅದನ್ನೇ ಫೈಲಿಗೆ ಹಾಕಿಸಿಕೊಂಡರು. ಆಮೇಲೆ ಕಾರ್ಖಾನೆಗಳ ಕೇಸು ಬಂದರೆ ಸಾಹೇಬರು ಮೊದಲು ನನ್ನ ಮುಖ ನೋಡತೊಡಗಿದರು. ಕಲ್ಯಾಣ, ತುರ್ಭೆ, ಘನ್ಸೋಲಿ ಎಂದು ನಾಲ್ಕು ವರ್ಷ ತಿರುಗಿದೆ. ಗಂಡಸರು ಅಡುಗೆಮನೆ ವಿಭಾಗದ ಹಾಸ್ಯ ನಿಲ್ಲಿಸಿ, ಅಕ್ಕಾ ಈ ಸಲ ನಮ್ಮನ್ನೂ ಕರೆದುಕೊಂಡು ಹೋಗಿ ಎನ್ನತೊಡಗಿದರು. ಈ ವರ್ಷ ಸಾಹೇಬರ ಆಶೀರ್ವಾದದಿಂದಲೇ ಡೊಂಬಿವಲಿ ಪೂರ್ವದಲ್ಲಿ ನನ್ನದೇ ಏಜೆನ್ಸಿ ಶುರುವಾಯಿತು. ಒಂದು ಕೋಣೆ, ಎರಡು ಮೇಜು, ಐವತ್ತು ದಾಟಿದ ಇಬ್ಬರು ಸಹಾಯಕಿಯರು. ಸಾಹೇಬರೇ ಬಂದು ರಿಬ್ಬನ್ ಕತ್ತರಿಸಿದರು. ನಮ್ಮವರು ಹೋಟೆಲಿಗೆ ರಜೆ ಹಾಕಿ ಎಲ್ಲರಿಗೂ ತಾವೇ ಕಾಫಿ ಹಂಚಿದರು. ಶ್ರಾವ್ಯಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ, ಜೀವನದಲ್ಲಿ ಮೊದಲ ಸಲ, “ನಮ್ಮ ಅಮ್ಮ” ಎಂದು ಶುದ್ಧ ಕನ್ನಡದಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಕೂತಿದ್ದೆ. ಹತ್ತು ಗಂಟೆಗೆ ಮೊದಲ ಗಿರಾಕಿ ಮೆಟ್ಟಿಲು ಹತ್ತಿದರು. ಐವತ್ತರ ಗಂಡಸು. ನಿದ್ದೆಯಿಲ್ಲದ ಕೆಂಪು ಕಣ್ಣು, ಬಾಡಿದ ಮುಖ, ಎಡ ಕೆನ್ನೆಗೆ ಅಂಗೈ. ಬಾಗಿಲಲ್ಲಿ ಒಂದು ಕ್ಷಣ ಅನುಮಾನಿಸಿದರು, ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು, ಬಾಯಿ ತೆರೆಯಲು ಹೋಗಿ ನರಳಿ ಮುಚ್ಚಿಕೊಂಡರು. ನನ್ನ ಇಷ್ಟು ವರ್ಷಗಳ ಅನುಭವ ಒಟ್ಟಿಗೆ ಎಚ್ಚೆತ್ತಿತು. ಮನೆಯೊಳಗಿನ ವಿಷಯ, ಯಾರಿಗೂ ಹೇಳಿಕೊಳ್ಳಲಾಗದ ನೋವು, ಎಷ್ಟೋ ದಿನ ಸಹಿಸಿಕೊಂಡು ಇನ್ನು ಆಗುವುದಿಲ್ಲವೆಂದು ಬಂದಿದ್ದಾರೆ. ಸಹಾಯಕಿಯರ ಕಡೆ ತಿರುಗಿ, ನೋಡಿ ಕಲಿಯಿರಿ ಎಂಬಂತೆ ಹುಬ್ಬೇರಿಸಿದೆ. ನೀರು ಕೊಟ್ಟೆ. ಧ್ವನಿ ತಗ್ಗಿಸಿದೆ. “ಹೇಳಬೇಡಿ, ನನಗೆ ಅರ್ಥವಾಗುತ್ತದೆ. ಬಹಳ ದಿನದಿಂದ ಒಳಗೊಳಗೇ ನೋವು ತಿಂದಿದ್ದೀರಿ. ಬುಡದಿಂದಲೇ ತೆಗೆದುಹಾಕಬೇಕು ಅಂತ ನಿಶ್ಚಯಿಸಿ ಬಂದಿದ್ದೀರಿ, ಅಲ್ಲವೇ?” ಎಂದು ಮೃದುವಾಗಿ ಹಿಂದಿಯಲ್ಲಿ ಕೇಳಿದೆ.

ಆ ಮನುಷ್ಯ ಬೆರಗಾಗಿ ತಲೆಯಾಡಿಸಿದರು. ಕಣ್ಣಲ್ಲಿ ನೀರಾಡಿತು. ಆಮೇಲೆ ಕಷ್ಟಪಟ್ಟು ಅರ್ಧ ಬಾಯಿ ತೆರೆದು ಕೇಳಿದರು:

“ಹೌದು ಡಾಕ್ಟರ್. ದವಡೆ ಹಲ್ಲು. ಇವತ್ತೇ ಕೀಳ್ತೀರಾ?”

ನಾನು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಅದಕ್ಕೂ ಮೊದಲು ದಂತವೈದ್ಯರೊಬ್ಬರು ಇದ್ದರೆಂಬುದನ್ನು ಪತ್ತೇದಾರಳಾದ ನಾನು ಪತ್ತೆ ಮಾಡಿರಲಿಲ್ಲ. ಸಹಾಯಕಿಯರಿಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಆದರೂ ಬಂದ ಗಿರಾಕಿಯನ್ನು ಬಿಟ್ಟುಕೊಡುವವಳು ನಾನಲ್ಲ. ಕೆಳಗಿನ ಮೆಡಿಕಲ್ ಅಂಗಡಿಯವನನ್ನು, ಎದುರಿನ ಹೂವಿನವಳನ್ನು, ಕಟ್ಟಡದ ಕಾವಲುಗಾರನನ್ನು ವಿಚಾರಿಸಿ, ಆ ವೈದ್ಯರು ಈಗ ಪಶ್ಚಿಮದಲ್ಲಿ ಯಾವ ಗಲ್ಲಿಯಲ್ಲಿದ್ದಾರೆಂದು ಕಂಡುಹಿಡಿದು, ಗಿರಾಕಿಯನ್ನು ರಿಕ್ಷಾ ಹತ್ತಿಸಿ ಕಳಿಸಿ ಬಂದೆ. ಬಂದು ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ‘ಕೇಸ್ ನಂಬರ್ ಒಂದು. ಕಾಣೆಯಾದ ದಂತವೈದ್ಯರ ಶೋಧ. ಇಪ್ಪತ್ತು ನಿಮಿಷದಲ್ಲಿ ಪತ್ತೆ.’ ಕೆಳಗೆ ಸಹಿ ನನ್ನದೇ.